ಹಿಂದಕ್ಕೆ ತುಳಿದರೆ ನಿಲ್ಲುತ್ತಿದ್ದ ಸೈಕಲ್ಲು

ಓಸ್ಟ್‌ವೀರುಮ್, ಸೆಪ್ಟೆಂಬರ್ 3

ಫ್ರೌಕೆ,

ನಿನಗೆ ಜೈಲು ಶಿಕ್ಷೆಯಾದ ಮೇಲೆ ಇದು ನನ್ನ ಮೊದಲ ಕಾಗದ. ಏಪ್ರಿಲ್‌ನಿಂದ ಈಚೆಗೆ ಯಾಕೆ ಬರೆಯಲಿಲ್ಲ ಅಂತ ಕೇಳಬೇಡ, ನಾನೂ ಏನೂ ಕೇಳುವುದಿಲ್ಲ. ಇದು ಸೈಕಲ್ಲಿನ ವಿಷಯ. ಅದನ್ನು ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ.

ಮೊನ್ನೆ ಒಂದನೇ ತಾರೀಕಿನಿಂದ ನಮ್ಮೂರಿನ ಬಸ್ಸು ನಿಂತುಹೋಯಿತು. ಸ್ಟಾಪಿನ ಫಲಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ಹೊದಿಸಿ ಹೋಗಿದ್ದಾರೆ, ಅಷ್ಟೇ. ಬೇಕಾದವರು ಹಿಂದಿನ ದಿನ ಫೋನು ಮಾಡಿದರೆ ವ್ಯಾನು ಬರುತ್ತದಂತೆ. ಅದು ಹೊರಡುವುದು ಬೆಳಿಗ್ಗೆ ಎಂಟೂವರೆಗೆ. ಶಾಲೆಯ ಬಾಗಿಲನ್ನು ನಾನು ಏಳು ಗಂಟೆಗೆ ತೆಗೆಯಬೇಕು.

ಡೆಲ್ಫ್‌ಝೈಲ್‌ಗೆ ಹದಿಮೂರು ಕಿಲೋಮೀಟರು, ಶಾಲೆ ಇರುವುದು ಅಲ್ಲೇ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ನಿನ್ನೆ ಇವತ್ತು ಎರಡು ದಿನ ತುಳಿದುಕೊಂಡು ಹೋಗಿಬಂದೆ. ಇವತ್ತು ವಾಪಸು ಬರುವಾಗ ಕಡಲ ಏರಿಯ ಕೆಳಗೆ ಮೂರು ಸಲ ಇಳಿದು, ಕುರಿ ನೋಡುವವನ ಹಾಗೆ ನಿಂತುಕೊಂಡೆ. ಕುರಿಗಳಿಗೂ ಗೊತ್ತಾಗಿರಬೇಕು. ನನಗೆ ಅರವತ್ತೆರಡು, ನಿವೃತ್ತಿಗೆ ಇನ್ನೂ ಐದು ವರ್ಷ. ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ, ಮತ್ತು ಕೆಲಸವಿಲ್ಲದೆ ಈ ಮನೆಯೊಳಗೆ ದಿನವಿಡೀ ಕೂರುವುದು ನನ್ನಿಂದಾಗದು.

ಕರೆಂಟ್ ಸೈಕಲ್ಲು ಕೊಳ್ಳುವುದೋ ಏನೋ ಅಂತ ಅಂಗಡಿಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಪಕ್ಕದ ಮನೆ ಸೀಪ್ಕೊ ಅಲ್ಲೇ ಇದ್ದ. “ತಗೋ ಹಿಂಡ್ರಿಕ್, ತಗೋ. ಆದ್ರೆ ಯಾರದ್ದು ಅಂತ ಮೊದ್ಲೇ ಕೇಳ್ಕೊಂಡ್ಬಿಡು” ಅಂದ. ಬ್ರೆಡ್ಡಿಗೆ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆದ್ದರಿಂದ ಹೊಸದು ಬೇಡ. ನನ್ನ ಕಪ್ಪು ಸೈಕಲ್ಲನ್ನು ಊರಿಗೆ ಊರೇ ಬಲ್ಲದು, ಅದು ಯಾರದ್ದು ಅಂತ ಯಾರೂ ಕೇಳುವಂತಿಲ್ಲ. ಅದಕ್ಕೇ ಮೋಟರು ಜೋಡಿಸುವ ಕಿಟ್ ಸಿಗುತ್ತದಂತೆ. ಯಾವುದನ್ನು ತರಿಸಲಿ? ಚಿಕ್ಕದಾಗಿ ಬರೆ.

ಅಪ್ಪ

*

ಕೋಣೆ 14, ಸೆಪ್ಟೆಂಬರ್ 11

ಅಪ್ಪಾ,

ಚಿಕ್ಕದಾಗಿ ಬರೆಯಲು ಆಗುವುದಿಲ್ಲ. ಐದು ತಿಂಗಳು ಟಪಾಲು ಹಂಚುವ ಹೊತ್ತಿಗೆ ಬಾಗಿಲ ಕಡೆ ನೋಡದೆ ಕೂರುವುದನ್ನು ಕಲಿತಿದ್ದೆ. ನಿನ್ನ ಲಕೋಟೆ ಬಂತು, ಕಲಿತಿದ್ದೆಲ್ಲ ಮಣ್ಣುಪಾಲು.

ಸೀಪ್ಕೊ ಮಾವ ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಮಾಡಿದ್ದೇ ಅದು, ಯಾರದ್ದು ಅಂತ ಕೇಳಲಿಲ್ಲ. ಕದ್ದ ಸೈಕಲ್ಲುಗಳನ್ನು ತಂದುಕೊಟ್ಟವರಿಂದ ತೆಗೆದುಕೊಂಡು, ನಂಬರು ಉಜ್ಜಿ ಅಳಿಸಿ, ಬಣ್ಣ ಬಳಿದು ಮಾರಿದೆ. ನನ್ನ ಅಂಗಡಿಯ ಕೆಟ್ಟ ಹೆಸರಿನಿಂದಾಗಿ ನೀನು ಬ್ರೆಡ್ಡಿನ ಸಾಲಿನಲ್ಲಿ ನಗಬೇಕಾಯಿತು. ಕ್ಷಮಿಸು ಅಂತ ಕೇಳಿದರೆ ನೀನು ಮಾತು ಬದಲಿಸುತ್ತೀಯ, ಅದಕ್ಕೆ ನಾನೇ ಬದಲಿಸುತ್ತೇನೆ.

ಮೋಟರು ಕೂರುವ ಜಾಗ ಮೂರು. ಮುಂದಿನ ಚಕ್ರದ ನಡುವೆ, ಹಿಂದಿನ ಚಕ್ರದ ನಡುವೆ, ಇಲ್ಲವೆ ಪೆಡಲು ತಿರುಗುವ ಜಾಗದಲ್ಲಿ. ಮುಂದಿನದು ಎಲ್ಲಕ್ಕಿಂತ ಸುಲಭ, ಚಕ್ರ ಬದಲಿಸಿದರೆ ಮುಗಿಯಿತು. ಅದರಲ್ಲಿ ನಿನ್ನ ಹಳೆಯ ಬ್ರೇಕೂ ಹಾಗೇ ಉಳಿಯುತ್ತದೆ, ಪೆಡಲನ್ನು ಹಿಂದಕ್ಕೆ ತುಳಿದರೆ ಸೈಕಲ್ಲು ನಿಲ್ಲುತ್ತದೆ. ನಿನ್ನ ಸೈಕಲ್ಲಿಗೆ ಬೇರೆ ಬ್ರೇಕೇ ಇಲ್ಲವಲ್ಲ. ಆದರೆ ಮುಂದಿನ ಮೋಟರು ಚಕ್ರವನ್ನು ಹಿಡಿದೆಳೆಯುವುದರಿಂದ ಅದನ್ನು ಎರಡೂ ಬದಿ ಹಿಡಿದಿರುವ ಫೋರ್ಕು ಗಟ್ಟಿ ಉಕ್ಕಿನದಾಗಿರಬೇಕು. ಫ್ರಿಜ್ಜಿನ ಬಾಗಿಲ ಮೇಲಿರುವ ಮ್ಯಾಗ್ನೆಟ್ ತೆಗೆದು ಫೋರ್ಕಿಗೆ ಹಚ್ಚಿ ನೋಡು. ಅಂಟಿತೋ ಇಲ್ಲವೋ ಬರೆ.

ಪೆಡಲಿನ ಜಾಗದ ಮೋಟರು ಎದುರುಗಾಳಿಗೆ ಮೂರರಲ್ಲಿ ಶೂರ. ಅದನ್ನು ಹಾಕಿದರೆ ಮಾತ್ರ ಹಿಂದಕ್ಕೆ ತುಳಿಯುವ ಬ್ರೇಕು ಹೋಗುತ್ತದೆ, ಕೈ ಬ್ರೇಕು ಹಾಕಬೇಕು. ಅದಕ್ಕೆ ಕೇಳುತ್ತೇನೆ, ನಿನ್ನ ಕೈ ಹೇಗಿದೆ? ಬಟ್ಟೆಯ ಕ್ಲಿಪ್ಪೊಂದನ್ನು ಎರಡು ಬೆರಳಲ್ಲಿ ಒತ್ತಿ, ಬಾಯಿ ತೆರೆಸಿ ಹಿಡಿದುಕೊಂಡು ಇಪ್ಪತ್ತು ಎಣಿಸು. ಎರಡೂ ಕೈಯಲ್ಲಿ. ಆಮೇಲೆ ಬರೆ.

ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಏಪ್ರಿಲ್‌ನಲ್ಲಿ ಕೋರ್ಟಿನೊಳಗೆ ಅಷ್ಟು ಸೆಕೆಯಿದ್ದರೂ ನೀನು ಉಣ್ಣೆಯ ಕೈಗವಸು ತೆಗೆಯಲೇ ಇಲ್ಲ. ಅವರು ನನ್ನನ್ನು ಕರೆದುಕೊಂಡು ಹೋಗುವಾಗ ನಾನು ಕೈ ಚಾಚಿದೆ. ನೀನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಅದನ್ನು ಇವತ್ತಿಗೂ ಮರೆತಿಲ್ಲ. ಇರಲಿ ಬಿಡು.

“ಇನ್ನೂ ಕೆಡಬಹುದಿತ್ತು” ಅಂತ ಮಾತ್ರ ಬರೆದು ಕಳಿಸಬೇಡ. ನಮ್ಮ ಕಡೆಯವರ ಬಾಯಲ್ಲಿ ಅದೊಂದೇ ಮಾತು. ಮದುವೆಯ ದಿನ ಅಮ್ಮ ಹೇಗೆ ಕಾಣುತ್ತೀನಿ ಅಂದಾಗ ನೀನು ಅದನ್ನೇ ಹೇಳಿದೆಯಂತೆ. ಅಮ್ಮನ ಕೊನೆಯ ವಾರ ನೀನು ಹೇಗಿದ್ದೀಯ ಅಂತ ಡಾಕ್ಟರು ಕೇಳಿದಾಗಲೂ ಅದನ್ನೇ ಹೇಳಿದೆ. ಇಲ್ಲಿ ದಕ್ಷಿಣದ ಕಡೆಯ ಹೆಂಗಸರಿಗೆ ಇದು ತಲೆಬುಡ ಅರ್ಥವಾಗುವುದಿಲ್ಲ.

ನಿನ್ನ ಫ್ರೌಕೆ

*

ಓಸ್ಟ್‌ವೀರುಮ್, ಸೆಪ್ಟೆಂಬರ್ 21

ಫ್ರೌಕೆ,

ಮ್ಯಾಗ್ನೆಟ್ ಅಂಟಿತು. ಎಷ್ಟು ಗಟ್ಟಿಯಾಗಿ ಅಂದರೆ ಈಗ ಅದು ಅಲ್ಲೇ ಇದೆ, ಫ್ರಿಜ್ಜಿನ ಮೇಲಿನ ಚೀಟಿ ನೆಲದ ಮೇಲಿದೆ.

ಕ್ಲಿಪ್ಪಿನ ವಿಷಯ. ಇಪ್ಪತ್ತು ಎಣಿಸು ಅಂದಿದ್ದೆ, ಇಪ್ಪತ್ತು ಎಣಿಸಿದೆ. ಎರಡು ಸಲ.

ಕೈಗವಸಿನ ವಿಷಯ. ಅವತ್ತು ಬೆಳಿಗ್ಗೆ ಚಳಿ ಇತ್ತು.

ಕೈ ಹೇಗಿದೆ ಅಂದರೆ, ಹೇಳಬೇಡ ಅಂದಿದ್ದನ್ನೇ ಹೇಳಬೇಕಾಗುತ್ತದೆ. ಇನ್ನೂ ಕೆಡಬಹುದಿತ್ತು.

ಶಾಲೆಯಲ್ಲಿ ಎಲ್ಲ ಸರಿಯಾಗಿದೆ. ದೊಡ್ಡ ಟೀಚರ್ ವೀಪ್ಕೆ ಈಗೀಗ ಏಳಕ್ಕೆ ಮುಂಚೆಯೇ ಬಂದಿರುತ್ತಾರೆ. ಬಾಗಿಲ ಬೀಗವನ್ನೂ ಅವರೇ ತೆಗೆದಿರುತ್ತಾರೆ. ನಾನು ಬಂದೊಡನೆ, “ಹಿಂಡ್ರಿಕ್, ಬೇಗ ಎಚ್ಚರ ಆಗ್ಬಿಡ್ತು, ಅದಕ್ಕೆ ಬಂದೆ” ಅನ್ನುತ್ತಾರೆ. ದಿನವೂ ಹೇಗೆ ಬೇಗ ಎಚ್ಚರವಾಗುತ್ತದೋ ಗೊತ್ತಿಲ್ಲ. ನಾನು ಕಾಫಿ ಮಾಡುತ್ತೇನೆ. ಒಳ್ಳೆಯ ಹೆಂಗಸು.

ಅಕ್ಷರ ದೊಡ್ಡದಾಗಿದೆ ಅಂದುಕೊಳ್ಳಬೇಡ. ಪೆನ್ನು ಸರಿಯಿಲ್ಲ.

ನಿನ್ನ ಕಾಗದವನ್ನು ಸೀಪ್ಕೊಗೆ ಓದಿ ಹೇಳಿದೆ. ಎಲ್ಲವನ್ನೂ ಅಲ್ಲ, ಮೋಟರಿನ ಭಾಗ. ಹಡಗಿನ ಇಂಜಿನು ಬಿಚ್ಚಿ ಜೋಡಿಸಿದವನಿಗೆ ಇದೇನು ಮಹಾ, ಸಾಮಾನು ಬರಲಿ ನಾನೇ ಕೂರಿಸ್ತೀನಿ ಅಂದಿದ್ದಾನೆ. ಆಮೇಲೆ, “ನಿನ್ ಮಗಳು ಕೆಲ್ಸ ಮಾತ್ರ ಚೆನ್ನಾಗಿ ಕಲ್ತಿದಾಳೆ ಕಣಯ್ಯ” ಅಂದ. ಅದು ಅಂಗಡಿಯ ಮಾತಿಗೆ ಅವನು ಕೇಳಿದ ಕ್ಷಮೆ ಅಂತ ಇಟ್ಟುಕೋ.

ಯಾವುದು ಅಂತ ನೀನೇ ತೀರ್ಮಾನಿಸು. ನೀನು ಹೇಳಿದ್ದೇ ಆಗಲಿ.

ಅಪ್ಪ

*

ಕೋಣೆ 14, ಅಕ್ಟೋಬರ್ 1

ಅಪ್ಪಾ,

ತೀರ್ಮಾನವಾಯಿತು. ಪೆಡಲಿನ ಜಾಗದ್ದೇ.

ಮುಂದಿನ ಚಕ್ರದ್ದು ಹಾಕಿಸೋಣ ಅಂತಲೇ ಇದ್ದೆ. ಎರಡು ವಿಷಯ ಅಡ್ಡ ಬಂದವು. ಒಂದು, ಈ ತಿಂಗಳಿಂದ ಹೊಲಗಳಲ್ಲಿ ಬೀಟ್ ಗೆಡ್ಡೆ ಕೀಳುತ್ತಾರೆ. ಟ್ರ್ಯಾಕ್ಟರಿನ ಚಕ್ರದಿಂದ ರಸ್ತೆಯ ಮೇಲೆ ಬಿದ್ದ ಜೇಡಿ ಡಿಸೆಂಬರ್‌ವರೆಗೂ ಹೋಗುವುದಿಲ್ಲ. ಮೋಟರಿರುವ ಮುಂದಿನ ಚಕ್ರ ಆ ಕೆಸರಿನಲ್ಲಿ ನಿಂತಲ್ಲೇ ತಿರುಗಿ ಜಾರುತ್ತದೆ, ನೀನು ಮಕಾಡೆ ಬೀಳುತ್ತೀಯ. ಇನ್ನೊಂದು, ನಿನ್ನ ಫೋರ್ಕು. ಅದು ಬುಡದಲ್ಲಿ ಬಿರುಕು ಬಿಟ್ಟಾಗ ಬೆಸುಗೆ ಹಾಕಿದವಳು ನಾನೇ, ಹದಿನಾರು ವರ್ಷವಿದ್ದಾಗ, ಸೀಪ್ಕೊ ಮಾವನ ಶೆಡ್ಡಿನಲ್ಲಿ. ಅಂದಿನ ಆ ಹುಡುಗಿಯ ಬೆಸುಗೆಯನ್ನು ಇಂದು ನಾನು ನಂಬುವುದಿಲ್ಲ. ಮೋಟರು ಎಳೆದು ಅದು ಬಿಟ್ಟುಕೊಂಡರೆ?

ಹಿಂದಿನ ಚಕ್ರದ್ದಕ್ಕೂ ನಿನ್ನ ಬ್ರೇಕು ಹೋಗುತ್ತದೆ, ಶಕ್ತಿಯೂ ಕಡಿಮೆ. ಅಂದಮೇಲೆ ಶೂರನನ್ನೇ ಹಾಕೋಣ. ನಿನ್ನ ಕೈ ಇಪ್ಪತ್ತು ಎಣಿಸುವಷ್ಟು ಗಟ್ಟಿ ಇದೆಯಲ್ಲ, ಅದನ್ನು ಓದಿದ ಮೇಲೆ ಧೈರ್ಯ ಬಂತು. ಎರಡು ಹೊಸ ಚಕ್ರ, ಮುಂದೆ ಹಿಂದೆ ಎರಡಕ್ಕೂ ಕೈ ಬ್ರೇಕು. ಹಿಡಿಯನ್ನು ಒತ್ತಿದೊಡನೆ ಮೋಟರೂ ನಿಲ್ಲುವಂಥದ್ದು ಸಿಗುತ್ತದೆ, ಅದನ್ನೇ ಬರೆದಿದ್ದೇನೆ. ಬ್ಯಾಟರಿ ಹಿಂದಿನ ಕ್ಯಾರಿಯರಿನೊಳಗೆ ಕೂರುವಂಥದ್ದು ಇರಲಿ. ಅದನ್ನು ಬಿಚ್ಚಿ ಮನೆಯೊಳಗೆ ಇಟ್ಟುಕೋ, ಚಳಿಗೆ ಬಿಟ್ಟರೆ ಅರ್ಧ ದಾರಿಗೇ ಕೈಕೊಡುತ್ತದೆ. ಸೀಪ್ಕೊ ಮಾವನಿಗೆ ಚಿತ್ರ ಬರೆದ ಎರಡು ಹಾಳೆ ಒಳಗಿದೆ.

ಒಂದು ಮುಖ್ಯ ವಿಷಯ, ಕೆಳಗೆ ಗೆರೆ ಎಳೆದಿದ್ದೇನೆ ನೋಡು. ಐವತ್ತೈದು ವರ್ಷದಿಂದ ನಿನ್ನ ಕಾಲಿಗೆ ಹಿಂದಕ್ಕೆ ತುಳಿದೇ ಅಭ್ಯಾಸ. ನಮ್ಮ ದೇಶದಲ್ಲಿ ಅಂಬೆಗಾಲು ಬಿಟ್ಟವರೆಲ್ಲ ಕಲಿಯುವುದೇ ಅದು. ಇನ್ನು ಮೇಲೆ ಹಿಂದಕ್ಕೆ ತುಳಿದರೆ ಪೆಡಲು ಸುಮ್ಮನೆ ತಿರುಗುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಒಂದು ವಾರ ಫುಟ್‌ಬಾಲ್ ಮೈದಾನದಲ್ಲಿ ಅಭ್ಯಾಸ ಮಾಡು. ಕಾಲು ಮರೆಯಬೇಕು, ಕೈ ಕಲಿಯಬೇಕು.

ಇಲ್ಲಿ ವರ್ಕ್‌ಶಾಪಿನಲ್ಲಿ ನನ್ನ ಚಿತ್ರವನ್ನು ಎಲ್ಲರೂ ನೋಡಿದರು. ಮೇಲ್ವಿಚಾರಕರು ಕ್ಯಾಟಲಾಗು ತಂದುಕೊಟ್ಟರು. ಈ ಹದಿನೈದು ದಿನ ನನಗೆ ಇದೇ ಧ್ಯಾನ. ಒಳಗೆ ಬಂದಾಗಿನಿಂದ ಮೊದಲ ಸಲ ಯಾರಿಗೋ ಉಪಯೋಗಕ್ಕೆ ಬಂದೆ ಅಪ್ಪಾ, ಅದೂ ನಿನಗೆ. ಎಷ್ಟು ಖುಷಿಯಾಗಿದ್ದೇನೆ ಅಂತ ಬರೆಯಲು ನಾಚಿಕೆಯಾಗುತ್ತದೆ.

ನಿನ್ನ ಫ್ರೌಕೆ

*

ಓಸ್ಟ್‌ವೀರುಮ್, ಅಕ್ಟೋಬರ್ 22

ಫ್ರೌಕೆ,

ಮೋಟರು ಕೂತಿತು. ಸೀಪ್ಕೊಗೆ ಮೂರು ಸಂಜೆ ಹಿಡಿಯಿತು, ಒಂಬತ್ತು ಕಾಫಿ, ಒಂದೊಂದಕ್ಕೆ ಒಂದೊಂದೇ ಬಿಸ್ಕತ್ತು. ಎರಡನೆಯದಕ್ಕೆ ಕೈ ಹಾಕಿದಾಗ ಡಬ್ಬಿ ಮುಚ್ಚಿದೆನಂತೆ, ಊರೆಲ್ಲ ಹೇಳಿಕೊಂಡು ಬಂದಿದ್ದಾನೆ.

ಮೊದಲ ದಿನ ಶಾಲೆಯಿಂದ ವಾಪಸು ಬಂದಿದ್ದನ್ನು ನಿನಗೆ ಹೇಳಬೇಕು. ಅವತ್ತು ಗಾಳಿ ಚೆನ್ನಾಗಿತ್ತು, ಅಂದರೆ ಕೆಟ್ಟದಾಗಿತ್ತು. ಏರಿಯ ಕೆಳಗೆ ಬಂದು, ಇನ್ನು ಇಳಿಯಬೇಕು ಅಂತ ಮನಸ್ಸು ಸಿದ್ಧವಾಯಿತು. ಆಗ ಯಾರೋ ಬೆನ್ನಿಗೆ ಅಂಗೈ ಇಟ್ಟು ತಳ್ಳಿದ ಹಾಗಾಯಿತು. ನೀನು ಚಿಕ್ಕವಳಿದ್ದಾಗ ಗಾಳಿಗೆ ನಿನ್ನನ್ನು ನಾನು ಹಾಗೆಯೇ ತಳ್ಳಿಕೊಂಡು ಬರುತ್ತಿದ್ದೆ, ಒಂದು ಕೈ ನನ್ನ ಹ್ಯಾಂಡಲಿನ ಮೇಲೆ, ಇನ್ನೊಂದು ನಿನ್ನ ಬೆನ್ನ ಮೇಲೆ. ಕುರಿಗಳ ಹತ್ತಿರ ನಿಲ್ಲಲೇ ಇಲ್ಲ. ಮನೆಗೆ ಬಂದು ಬಟಾಣಿ ಸೂಪು ಬಿಸಿ ಮಾಡಿ, ನಿಂತೇ ಕುಡಿದೆ. ಸುಸ್ತೇ ಆಗಿರಲಿಲ್ಲ.

ಬ್ರೇಕು ಚೆನ್ನಾಗಿವೆ ಅಂತ ಸೀಪ್ಕೊ ಹೇಳುತ್ತಾನೆ. ಕಾಲಿಗೆ ಇನ್ನೂ ಬುದ್ಧಿ ಬಂದಿಲ್ಲ, ಹಿಂದಕ್ಕೆ ಹೋಗುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಮೆಟ್ಟಿಲು ಮುಗಿದ ಮೇಲೆ ಇನ್ನೊಂದು ಇದೆ ಅಂತ ಕಾಲಿಟ್ಟ ಹಾಗಾಗುತ್ತದೆ. ನಿಧಾನವಾಗಿ ಹೋಗುತ್ತೇನೆ. ರಸ್ತೆ ಸಮತಟ್ಟು, ಬೆಳಿಗ್ಗೆ ಯಾರೂ ಇರುವುದಿಲ್ಲ.

ಬೇರೆ ವಿಶೇಷವಿಲ್ಲ. ಒಂದು ಜೊತೆ ಹೊಸ ಬೂಟು ಕೊಂಡೆ. ಹಳೆಯದರ ಅಟ್ಟೆ ಸವೆದಿತ್ತು.

ನಿನ್ನ ಮೋಟರಿಗೆ ಸೀಪ್ಕೊ ಹೆಸರಿಟ್ಟಿದ್ದಾನೆ. ಫ್ರೌಕೆ ಅಂತ. “ಫ್ರೌಕೆ ಚಾರ್ಜ್ ಆಯ್ತಾ?” ಅಂತ ಬೇಲಿಯಾಚೆಯಿಂದ ಕೂಗುತ್ತಾನೆ. ಆಯಿತು ಅನ್ನುತ್ತೇನೆ.

ಅಪ್ಪ

*

ಕೋಣೆ 14, ಅಕ್ಟೋಬರ್ 30

ಅಪ್ಪಾ,

ಕಾಗದವನ್ನು ಮೊದಲ ಸಲ ಓದಿದಾಗ ಅತ್ತೆ, ಬೆನ್ನಿಗೆ ಇಟ್ಟ ಅಂಗೈಗೆ. ಎರಡನೆಯ ಸಲ ಓದುವಾಗ ಬೂಟಿನ ಹತ್ತಿರ ನಿಂತೆ.

ನೀನು ಬೂಟು ಕೊಂಡಿದ್ದನ್ನು ನಾನು ನನ್ನ ಜನ್ಮದಲ್ಲಿ ಎರಡು ಸಲ ಕಂಡಿದ್ದೇನೆ. ಸೆಪ್ಟೆಂಬರ್‌ನಲ್ಲಿ ಸವೆಯದ ಅಟ್ಟೆ ಮೋಟರು ಬಂದ ಮೇಲೆ ಯಾಕೆ ಸವೆಯಿತು? ತುಳಿಯುವುದು ಕಡಿಮೆಯಾದ ಮೇಲೆ?

ಆಮೇಲೆ ಮೂರು ಕಾಗದಗಳನ್ನೂ ಹಾಸಿಗೆಯ ಮೇಲೆ ಹರಡಿಕೊಂಡೆ. ಒಂದರಿಂದ ಒಂದಕ್ಕೆ ಅಕ್ಷರ ದೊಡ್ಡದಾಗುತ್ತಾ, ಸೊಟ್ಟಗಾಗುತ್ತಾ ಬಂದಿದೆ. ಕೊನೆಯ ಲಕೋಟೆಯ ಮೇಲಿನ ವಿಳಾಸ ನಿನ್ನ ಕೈಬರಹವೇ ಅಲ್ಲ, ಟೀಚರದ್ದಿರಬೇಕು, ದುಂಡಗಿದೆ. ಅವರೇಕೆ ದಿನವೂ ಬೇಗ ಬಂದು ಬೀಗ ತೆಗೆಯುತ್ತಾರೆ? ನಿನಗೆ ಬೀಗದ ಕೈ ತಿರುಗಿಸಲು ಆಗುತ್ತಿಲ್ಲವೇ?

ನೇರವಾಗಿ ಕೇಳುತ್ತಿದ್ದೇನೆ. ನೀನು ಕಾಲೂರಿ ನಿಲ್ಲಿಸುತ್ತಿದ್ದೀಯಾ? ಕೈ ಬ್ರೇಕು ಒತ್ತಲು ನಿನಗೆ ಆಗುತ್ತದೋ ಇಲ್ಲವೋ?

ಇಲ್ಲಿಂದ ಎರಡು ಸಲ ಫೋನು ಮಾಡಿದೆ. ನೀನು ಎತ್ತುವುದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಸೀಪ್ಕೊ ಮಾವನ ನಂಬರನ್ನು ನನ್ನ ಪಟ್ಟಿಗೆ ಸೇರಿಸಲು ಅರ್ಜಿ ಹಾಕಬೇಕಂತೆ, ಅದಕ್ಕೆ ಎರಡು ವಾರ. ಈ ಕಾಗದವೂ ಮೊದಲು ಆಫೀಸಿಗೆ ಹೋಗಿ ಆಮೇಲೆ ನಿನಗೆ ಬರುತ್ತದೆ. ಒಳಗೆ ಕೂತು ಗೋಡೆ ನೋಡುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ.

ಇದನ್ನು ಓದಿದ ದಿನದಿಂದ ಆ ಸೈಕಲ್ಲು ಹತ್ತಬೇಡ. ಕೆಲಸ ಹೋದರೆ ಹೋಗಲಿ. ದಮ್ಮಯ್ಯ ಅಂತೀನಿ, ಹತ್ತಬೇಡ.

ಫ್ರೌಕೆ

*

ಓಸ್ಟ್‌ವೀರುಮ್, ನವೆಂಬರ್ 6

ಫ್ರೌಕೆ,

ನಾನು ಸೀಪ್ಕೊ ಕಣಮ್ಮ. ಕಾಗ್ದ ಬರೆಯೋದು ನಂಗೆ ಅಭ್ಯಾಸ ಇಲ್ಲ, ಮಾತಾಡೋ ಹಾಗೇ ಬರೀತೀನಿ. ಮೊದ್ಲು ಇದನ್ನ ಓದ್ಕೋ: ಅಪ್ಪ ಬದುಕಿದಾನೆ. ಈಗ ಮಿಕ್ಕಿದ್ದು.

ಸೋಮವಾರ ಬೆಳಿಗ್ಗೆ ಆರೂವರೆ. ಕತ್ತಲೆ, ಗಾಳಿ ಬೆನ್ನಿಗಿತ್ತು. ತಿರುವಲ್ಲಿರೋ ತೋಟದ ಮನೆ ಗೇಟಿಂದ ಬೀಟ್ ತುಂಬಿದ ಟ್ರ್ಯಾಕ್ಟರ್ ಹೊರಗೆ ಬಂತು. ಓಡಿಸ್ತಿದ್ದೋನು ಹೇಳಿದ, ನಿಮ್ಮಪ್ಪ ತುಳಿಯೋದು ನಿಲ್ಲಿಸಿದ್ದು ಕಂಡ್ತಂತೆ, ಕಾಲು ಹಿಂದಕ್ಕೆ ಹೋಗಿದ್ದು ಕಂಡ್ತಂತೆ. ಆಮೇಲೆ ಎರಡು ಬೂಟೂ ನೆಲಕ್ಕೆ ಊರಿದ. ರಸ್ತೆ ತುಂಬ ಜೇಡಿ. ಬೂಟು ಏನ್ ಹಿಡಿಯತ್ತೆ? ಟ್ರ್ಯಾಕ್ಟರಿಗೆ ಹೊಡೀಬಾರ್ದು ಅಂತ ಕಾಲುವೆ ಕಡೆಗೆ ಹ್ಯಾಂಡಲ್ ತಿರುಗಿಸಿದಾನೆ. ಸೇತುವೆ ಕಲ್ಲಿಗೆ ಸೊಂಟ ಬಡೀತು. ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಯ್ತು. ಮತ್ತೆ ನಡೀತಾನೆ ಅಂತಾರೆ ಡಾಕ್ಟ್ರು, ಕೋಲು ಹಿಡ್ಕೊಂಡು. ಸೈಕಲ್ ಮಾತ್ರ ಮುಗೀತು ಅಂದ್ರು.

ಅವತ್ತೇ ನಿನ್ನ ಜೈಲಿಗೆ ಫೋನ್ ಮಾಡಿದೆ. ಹೇಳ್ತೀವಿ ಅಂದ್ರು. ಹೇಳಿದ್ರೋ ಇಲ್ವೋ.

ಸೈಕಲ್ಲನ್ನ ನಮ್ಮ ಶೆಡ್ಡಿಗೆ ತಂದೆ. ಬ್ರೇಕ್ ರಬ್ಬರ್ ನೋಡ್ದೆ ಫ್ರೌಕೆ. ನಾನು ಡಬ್ಬಿಯಿಂದ ತೆಗೆದಾಗ ಹೆಂಗಿತ್ತೋ ಹಂಗೇ ಇದೆ. ಅಚ್ಚಿಂದ ಬಂದ ಕೂದಲಿನಂಥ ಎಳೆ ಕೂಡ ಉದುರಿಲ್ಲ. ಎರಡು ವಾರದಲ್ಲಿ ಒಂದು ಸಲಾನೂ ಒತ್ತಿಲ್ಲ. ಆಸ್ಪತ್ರೇಲಿ ಕೈಗವಸು ತೆಗೆಸಿದಾಗ ಅವನ ಬೆರಳು ಕಂಡೆ. ಶುಂಠಿ ಬೇರು ನೋಡಿದೀಯಲ್ಲ, ಹಂಗಿದೆ. ಪಕ್ಕದ ಮನೇಲಿ ನಲವತ್ತು ವರ್ಷ ಇದ್ದು ನಂಗೇ ಗೊತ್ತಾಗ್ಲಿಲ್ಲ. ಬೆಳಿಗ್ಗೆ ಬಾಗ್ಲು ತೆಗೆಯೋಕೆ ಆಗದೆ ಮನೆ ಹಿಂದಿನ ಬಾಗ್ಲಿಗೆ ಬೀಗಾನೇ ಹಾಕ್ತಿರ್ಲಿಲ್ಲ ಅಂತ ಈಗ ಗೊತ್ತಾಗಿದೆ.

ಇನ್ನೊಂದು ಹೇಳ್ಬೇಕೋ ಬೇಡ್ವೋ. ನೀನು ಕೆಲಸದವಳು, ಗೊತ್ತಾಗ್ಲಿ. ಫೋರ್ಕು ಸೊಟ್ಟಗಾಗಿದೆ, ಹ್ಯಾಂಡಲ್ ಸೊಟ್ಟಗಾಗಿದೆ. ನಿನ್ನ ಬೆಸುಗೆ ಮಾತ್ರ ಅಲುಗಾಡಿಲ್ಲ.

ಸೋಮವಾರ ಟಪಾಲು ಬರೋದಿಲ್ಲ, ನಿಂಗೆ ಗೊತ್ತೇ ಇದೆ. ನಿನ್ನ ಕಾಗ್ದ ಮಂಗಳವಾರ ಬಂತು. ಕಾಲೊರೆಸೋದರ ಮೇಲೆ ಬಿದ್ದಿತ್ತು, ನಾನೇ ಆಸ್ಪತ್ರೆಗೆ ತಗೊಂಡು ಹೋಗಿ ಓದಿದೆ. ಹತ್ತಬೇಡ ಅಂತ ಇದ್ದ ಕಡೆ ಅವನು ಗೋಡೆ ಕಡೆ ತಿರುಗಿಕೊಂಡ.

ಜೋಡಿಸಿದ್ದು ನಾನು. ಅಂಗಡೀಲಿ ಹಾಗಂದಿದ್ದೂ ನಾನೇ. ಅವತ್ತು ಬಾಯಿ ಮುಚ್ಕೊಂಡಿದ್ರೆ ಅವನು ಹೊಸದೇ ತಗೋತಿದ್ದ, ಹಿಂದಕ್ಕೆ ತುಳಿಯೋ ಬ್ರೇಕ್ ಇರೋದೇ ಸಿಗ್ತಿತ್ತು.

ಸೀಪ್ಕೊ

*

ಕೋಣೆ 14, ನವೆಂಬರ್ 13

ಸೀಪ್ಕೊ ಮಾವ,

ಇಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನಿಮ್ಮ ಕಾಗದದಿಂದಲೇ ತಿಳಿಯಿತು. ಮೊದಲ ಸಾಲಿನಲ್ಲೇ ಬದುಕಿದ್ದಾನೆ ಅಂತ ಬರೆದಿರಿ, ಅದಕ್ಕೆ ನಿಮ್ಮ ಋಣ ಹೇಗೆ ತೀರಿಸಲಿ.

ನಿಮ್ಮ ತಪ್ಪಿಲ್ಲ. ಜೋಡಿಸಲು ಹೇಳಿದವಳು ನಾನು. ಬೆಸುಗೆ ನಂಬಬಹುದಿತ್ತು, ಅಪ್ಪನ ಮಾತನ್ನು ನಂಬಬಾರದಿತ್ತು. ನಾನು ತಿರುವುಮುರುವು ಮಾಡಿದೆ. ಮುಂದಿನ ಚಕ್ರದ್ದೇ ಹಾಕಿಸಿದ್ದರೆ ಅವನ ಕಾಲು ಹಿಂದಕ್ಕೆ ಹೋಗುತ್ತಿತ್ತು, ಸೈಕಲ್ಲು ನಿಲ್ಲುತ್ತಿತ್ತು. ದಿನಕ್ಕೆ ನೂರು ಸಲ ಅವನ ಕಾಲು ಹಿಂದಕ್ಕೆ ಹೋಗುವುದು ಕಾಣುತ್ತದೆ.

ಆಸ್ಪತ್ರೆಗೆ ಹೋಗಿ ನೋಡಿಬರಲು ಒಂದು ದಿನದ ರಜೆ ಕೇಳಿದೆ. ಪ್ರಾಣಕ್ಕೆ ಅಪಾಯವಿಲ್ಲದ್ದರಿಂದ ಆಗುವುದಿಲ್ಲ ಅಂತ ಬರೆದು ಕೊಟ್ಟಿದ್ದಾರೆ. ಅವನು ಇನ್ನಷ್ಟು ಪೆಟ್ಟು ತಿಂದಿದ್ದರೆ ನೋಡಬಹುದಿತ್ತು. ಬಿಡುಗಡೆ ಮುಂದಿನ ಆಗಸ್ಟ್‌ನಲ್ಲೇ. ವರ್ಕ್‌ಶಾಪಿನಿಂದ ನನ್ನನ್ನು ತೆಗೆದರು, ಸ್ಕ್ರೂಡ್ರೈವರು ಹಿಡಿಯಲು ಆಗುತ್ತಿಲ್ಲ. ಊಟ ಸೇರುವುದಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ತೆಗೆದುಕೊಂಡರೆ ಹಗಲೆಲ್ಲ ಮಂಪರು.

ಇದ್ಯಾವುದನ್ನೂ ಅಪ್ಪನಿಗೆ ಹೇಳಬೇಡಿ. ನಾನು ಚೆನ್ನಾಗಿದ್ದೇನೆ ಅನ್ನಿ.

ಫ್ರೌಕೆ

*

ಡೆಲ್ಫ್‌ಝೈಲ್, ನವೆಂಬರ್ 27

ಫ್ರೌಕೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ವೀಪ್ಕೆ ಟೀಚರು ಬರೆದುಕೊಡುತ್ತೇನೆ ಅಂದರು, ಬೇಡ ಅಂದೆ. ಇಲ್ಲಿನ ಆರೈಕೆ ಕೇಂದ್ರದಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಪೆನ್ನಿಗೆ ಸ್ಪಂಜು ಸುತ್ತಿ ಕೊಟ್ಟಿದ್ದಾಳೆ. ದಿನಕ್ಕೆ ನಾಲ್ಕು ಸಾಲು. ಹೀಗೆ ಹತ್ತು ದಿನದ ಕಾಗದ ಇದು.

ಇಪ್ಪತ್ತು ಎಣಿಸಿದೆ ಅಂತ ಬರೆದಿದ್ದೆ. ಎಣಿಸಿದ್ದು ನಿಜ. ಕ್ಲಿಪ್ಪು ಮೂರಕ್ಕೇ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ನೋಡಿಕೊಂಡು ಮಿಕ್ಕ ಹದಿನೇಳು ಎಣಿಸಿದೆ. ಎರಡನೆಯ ಕೈಗೂ ಹಾಗೆಯೇ.

ಯಾಕೆ ಅಂದರೆ, ನಿಜ ಬರೆದಿದ್ದರೆ ನೀನು ಕೆಲಸ ಬಿಡು ಅನ್ನುತ್ತಿದ್ದೆ. ಕಿಟ್ಟಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ನಿನಗೆ ಏನಂತ ಬರೆಯಲಿ? ಐದು ತಿಂಗಳು ಯೋಚಿಸಿ ನನಗೆ ಸಿಕ್ಕಿದ್ದು ಆ ಒಂದೇ ವಿಷಯ. ಆಮೇಲೆ ನಿನ್ನ ಚಿತ್ರಗಳು ಬಂದವು, ಖುಷಿಯಾಗಿದ್ದೇನೆ ಅಂತ ನೀನು ಬರೆದೆ. ಆಗಲಂತೂ ಹೇಳುವುದಕ್ಕೆ ಬಾಯಿಯೇ ಬರಲಿಲ್ಲ.

ಕೋರ್ಟಿನ ವಿಷಯ. ಅವತ್ತು ಚಳಿ ಇರಲಿಲ್ಲ. ನಿನ್ನ ಕೈ ಹಿಡಿದರೆ ನನ್ನ ಬೆರಳು ನಿನಗೆ ಗೊತ್ತಾಗುತ್ತಿತ್ತು. ನೀನು ಒಳಗೆ ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗುವುದು ಬೇಡ ಅಂತ ಬೆನ್ನ ಹಿಂದೆ ಇಟ್ಟುಕೊಂಡೆ. ನೀನು ಬೇರೆ ಅರ್ಥ ಮಾಡಿಕೊಂಡೆ ಅಂತ ಸೆಪ್ಟೆಂಬರ್‌ನಲ್ಲಿ ಓದಿದೆ, ಆಗಲೂ ಚಳಿ ಅಂತ ಬರೆದೆ. ಎಂಥ ಮೂರ್ಖ ನಾನು. ಹಿಡಿಯಬೇಕಿತ್ತು ಫ್ರೌಕೆ. ನೋವಾಗಿದ್ದರೂ ಹಿಡಿಯಬೇಕಿತ್ತು.

ಶಾಲೆಯ ಬೀಗದ ಕೈಗೊಂಚಲು ವಾಪಸು ಕೊಟ್ಟೆ. ವೀಪ್ಕೆ ಟೀಚರಿಗೆ ಒಂದೂವರೆ ವರ್ಷದಿಂದ ಗೊತ್ತಿತ್ತಂತೆ. ನಾನು ಹೇಳಲಿ ಅಂತ ಅವರು ಕಾಯುತ್ತಿದ್ದರು, ಅವರಿಗೆ ಗೊತ್ತಾಗದಿರಲಿ ಅಂತ ನಾನು ಕಾಯುತ್ತಿದ್ದೆ. ಸೀಪ್ಕೊ ಮೋಟರು ಬಿಚ್ಚಿ, ಫೋರ್ಕು ನೆಟ್ಟಗೆ ಮಾಡಿ, ಸೈಕಲ್ಲಿಗೆ ಹಳೆಯ ಹಿಂದಿನ ಚಕ್ರ ಹಾಕಿ ಇಟ್ಟಿದ್ದಾನೆ. ಹಿಂದಕ್ಕೆ ತುಳಿದರೆ ನಿಲ್ಲುತ್ತದಂತೆ. ಹತ್ತುವವರು ಯಾರೂ ಇಲ್ಲ.

ಇನ್ನೂ ಕೆಡಬಹುದಿತ್ತು ಅಂತ ನಾನು ಯಾವಾಗ ಹೇಳುತ್ತೇನೆ ಅಂತ ಇಲ್ಲಿ ಮಲಗಿಕೊಂಡು ಲೆಕ್ಕ ಹಾಕಿದೆ. ನಿಮ್ಮಮ್ಮನ ಮದುವೆಯ ಬಟ್ಟೆಗೆ ಹೇಳಿದ್ದು ಬಿಟ್ಟರೆ, ಮಿಕ್ಕ ಎಲ್ಲ ಸಲವೂ ಅದರ ಅರ್ಥ, “ತಡೆಯಲಾಗುತ್ತಿಲ್ಲ” ಅಂತ. ನಿನಗೆ ಮಾತ್ರ ಹೇಳುತ್ತಿದ್ದೇನೆ, ಸೀಪ್ಕೊಗೆ ಹೇಳಬೇಡ.

ನೀನು ಚೆನ್ನಾಗಿದ್ದೀಯ ಅಂತ ಸೀಪ್ಕೊ ಹೇಳುತ್ತಾನೆ. ಹೇಳುವಾಗ ಕಿಟಕಿ ಕಡೆ ನೋಡುತ್ತಾನೆ. ನಿಜ ಬರೆ. ನೀನು ಹೇಗಿದ್ದೀಯ?

ಅಪ್ಪ

*

ಕೋಣೆ 14, ಡಿಸೆಂಬರ್ 4

ಅಪ್ಪಾ,

ಹತ್ತು ದಿನದ ಕಾಗದ ಬಂತು. ಅಕ್ಷರ ದೊಡ್ಡದಾಗಿದೆ, ಸೊಟ್ಟಗಿದೆ. ಒಂದೂ ಬಿಡದೆ ಓದಲು ಬಂತು. ಸ್ಪಂಜು ಸವೆದರೆ ಅದರ ಮೇಲೆ ಸೈಕಲ್ ಹ್ಯಾಂಡಲಿನ ರಬ್ಬರು ಹಿಡಿಯನ್ನು ಕತ್ತರಿಸಿ ಹಾಕಿಸಿಕೋ, ಸೀಪ್ಕೊ ಮಾವನ ಹತ್ತಿರ ಇರುತ್ತದೆ. ಬಿಗಿಯಾಗಿ ಹಿಡಿಯಬೇಡ, ಪೆನ್ನೇ ನಿನ್ನ ಕೈಯೊಳಗೆ ಕೂರುವ ಹಾಗೆ ಇರಲಿ.

ಕಪ್ಪು ಸೈಕಲ್ಲನ್ನು ಯಾರಿಗೂ ಕೊಡಬೇಡ. ಚೈನಿಗೆ ಎಣ್ಣೆ ಹಾಕಿಸಿ ಒಳಗೆ ಇಡಿಸು. ಆಗಸ್ಟ್‌ನಲ್ಲಿ ಬಂದು ನಾನು ಹತ್ತುತ್ತೇನೆ.

ಹೇಗಿದ್ದೀಯ ಅಂತ ಕೇಳಿದೆ. ಸುಳ್ಳು ಹೇಳುವುದಿಲ್ಲ.

ಇನ್ನೂ ಕೆಡಬಹುದಿತ್ತು, ಅಪ್ಪಾ.

ನಿನ್ನ ಫ್ರೌಕೆ